ಯುದ್ಧದ ಛಾಯಾಚಿತ್ರಗಳಲ್ಲಿ ಫಿರಂಗಿಯ ಪಾಠನಿರ್ಣಯ

ಅಮರಸುಳ್ಯದ ಮಾಗಣೆಯು 1834ರವರೆಗೂ ಕೊಡಗಿನ ಅರಸರ ಆಡಳಿತದಲ್ಲಿದ್ದಿತೆಂಬುದು ವಾಚಕಮಹಾಶಯರಿಗೆ ತಿಳಿದ ವಿಷಯವೇ ಆಗಿದೆ. ರಾಜ್ಯವು ಬೇರೆಯಾದರೂ ಸಂಬಂಧವು ಬೇರೆಯಾಗಲಿಲ್ಲ. ಆದುದರಿಂದಲೇ ಮಡಿಕೇರಿಯಲ್ಲಿ ಜನಿಸಿದ ಜನರಲ್ ಕೆ. ಎಸ್. ತಿಮ್ಮಯ್ಯನವರ ಚರಿತೆಯನ್ನು ಪುತ್ತೂರು, ಸುಳ್ಯ, ಕಡಬಗಳ ಪಾಠಶಾಲೆಗಳಲ್ಲಿ ಬೋಧಿಸುವ ಉಪಾಧ್ಯಾಯನು ನೆರೆಮನೆಯ ವೃತ್ತಾಂತವನ್ನು ಹೇಳುವಂತೆ ಹೇಳಬಲ್ಲನು. ಆ ಚರಿತೆಯಲ್ಲಿ 1948ನೆಯ ಇಸವಿ ನವೆಂಬರ್ 1ರಂದು ನಡೆದ ಜೋಜಿಲಾ ಕಣಿವೆಯ ಯುದ್ಧವೇ ಶಿಖರಪ್ರಾಯವಾದುದು. ಇಂತಹ ಪ್ರಸಂಗಗಳಿಗೆ ಇಂದು ಛಾಯಾಚಿತ್ರಗಳನ್ನು ಜೋಡಿಸಿ ಪ್ರಕಟಿಸುವ ರೂಢಿಯು ಬೆಳೆದಿದೆ. ಆ ಚಿತ್ರಗಳಲ್ಲಿ ಕಾಣುವ ಟ್ಯಾಂಕು ಯಾವುದು, ಅದರ ಫಿರಂಗಿಯು ಯಾವ ಭೇದದ್ದು ಎಂಬ ವಿಚಾರವನ್ನು ಸಾಹಿತ್ಯಪರಿಶ್ರಮವುಳ್ಳವರು ತಮ್ಮದಲ್ಲವೆಂದು ಬಿಟ್ಟುಬಿಡುವುದು ಯುಕ್ತವಲ್ಲವೆಂಬುದೇ ಈ ಲೇಖನದ ತಾತ್ಪರ್ಯ.

ಚಿತ್ರವೂ ಒಂದು ಪ್ರತಿ. ಅದರ ಕೆಳಗಣ ಬರಹವು ಲಿಪಿಕಾರನ ಟಿಪ್ಪಣಿ. ತಾಳೆಯೋಲೆಯ ಅಂಚಿನಲ್ಲಿ ಯಾರೋ ಬರೆದುದನ್ನು ಕವಿಯ ಮಾತೆಂದು ನಾವು ಗ್ರಹಿಸುವುದಿಲ್ಲ. ಚಿತ್ರದಡಿಯ ಮಾತನ್ನಾದರೋ ವಿಚಾರಿಸದೆ ಒಪ್ಪುತ್ತೇವೆ. ಬರೆದವನು ಆಪ್ತನೆಂದು ನಿಶ್ಚಯವಾಗುವವರೆಗೆ ಆ ಬರಹವು ಶಬ್ದಪ್ರಮಾಣವಾಗಲಾರದು. ಆಗ ಉಳಿಯುವುದು ಚಿತ್ರದೊಳಗಿನ ಲಿಂಗಗಳಿಂದ ಮಾಡುವ ಅನುಮಾನವೊಂದೇ.

ಈ ಅನುಮಾನದಲ್ಲಿಯೂ ತಾರ್ಕಿಕರು ಹೇಳಿದ ಲಕ್ಷಣದ ಮೂರು ದೋಷಗಳು ತಪ್ಪದೆ ಕಾಣಿಸಿಕೊಳ್ಳುತ್ತವೆ. ಕೊಂಬುಳ್ಳದ್ದು ಗೋವು ಎಂದರೆ ಎಮ್ಮೆಗೂ ಸಲ್ಲುವುದರಿಂದ ಅತಿವ್ಯಾಪ್ತಿ. ಕಪಿಲವರ್ಣದ್ದು ಗೋವು ಎಂದರೆ ಬಿಳಿಯ ಹಸುವಿಗೆ ಸಲ್ಲದುದರಿಂದ ಅವ್ಯಾಪ್ತಿ. ಒಂದೇ ಗೊರಸುಳ್ಳದ್ದೆಂದರೆ ಅಸಂಭವ.

ಮೊದಲನೆಯದಕ್ಕೆ ಅಮೇರಿಕೆಯ ಲೀ ಟ್ಯಾಂಕು ಉದಾಹರಣೆ. 1944ರ ಏಪ್ರಿಲ್ 13ರಂದು ಇಂಫಾಲದ ಸಮೀಪದ ನುಂಶಿಗುಂ ಗುಡ್ಡವನ್ನೇರಿ ಕಾದಿದವು ಈ ಜಾತಿಯವೇ. ಇದರ 75 ಮಿಲಿಮೀಟರ್ ಫಿರಂಗಿಯಲ್ಲಿ ಎರಡು ಭೇದಗಳುಂಟು. ಎಂ-2 ಎಂಬುದರ ನಳಿಕೆ ಸುಮಾರು 2.3 ಮೀಟರ್, ಬಳಿಕ ಬಂದ ಎಂ-3ರದು ಸುಮಾರು 3 ಮೀಟರ್. ಫಿರಂಗಿಯನ್ನು ಅಲುಗದಂತೆ ಹಿಡಿಯುವ ಯಂತ್ರವು ಉದ್ದ ನಳಿಕೆಯ ತೂಕಕ್ಕೆ ಹೊಂದಿಸಲ್ಪಟ್ಟಿದ್ದುದರಿಂದ ಗಿಡ್ಡ ನಳಿಕೆಯ ಮೂತಿಗೆ ಕಬ್ಬಿಣದ ದಪ್ಪ ಬಳೆಯೊಂದನ್ನು ತೊಡಿಸಿ ಸಮತೂಕ ಮಾಡುತ್ತಿದ್ದರು. ಮೂತಿಯಲ್ಲಿ ಉಬ್ಬುಂಟಾದರೆ ಅದು ಹಿಮ್ಮೆಟ್ಟುವಿಕೆಯನ್ನು ತಡೆಯುವ ಬ್ರೇಕು, ಆದುದರಿಂದ ಅದು ಬಲವತ್ತರವಾದ ಹೊಸ ಫಿರಂಗಿ ಎಂದು ಊಹಿಸುವವನಿಗೆ ಇಲ್ಲಿ ಸತ್ಯವು ತಲೆಕೆಳಗಾಗುತ್ತದೆ. ಉಬ್ಬುಳ್ಳದ್ದೇ ಹಳೆಯದು, ಬರಿಯ ಮೂತಿಯದೇ ಹೊಸದು! ಬ್ರೇಕಿಗೆ ಪಕ್ಕಗಳಲ್ಲಿ ರಂಧ್ರಗಳಿರುವುವು. ತೂಕದ ಬಳೆಗೆ ಅವಿಲ್ಲ. ಇಷ್ಟನ್ನು ನೋಡಿದರೆ ಸಾಕು.

ಎರಡನೆಯದಕ್ಕೆ ಶೆರ್ಮನ್ ಟ್ಯಾಂಕು. ಇದರ 76 ಮಿಲಿಮೀಟರ್ ಫಿರಂಗಿಗೆ ಮೂತಿಯ ಬ್ರೇಕೇ ಗುರುತೆಂದು ಕೆಲವರು ತಿಳಿದಿರುವರು. ಆದರೆ ಮೊದಮೊದಲಿನ 76ಕ್ಕೆ ಬ್ರೇಕೇ ಇರಲಿಲ್ಲ. ಬ್ರೇಕಿಲ್ಲವೆಂಬ ಮಾತ್ರಕ್ಕೆ 75 ಎಂದು ನಿರ್ಣಯಿಸಿದರೆ ಲಕ್ಷಣವು ಲಕ್ಷ್ಯದ ಒಂದು ಭಾಗವನ್ನು ಬಿಟ್ಟಂತಾಯಿತು.

ಮೂರನೆಯದು ಇನ್ನೂ ಕುತೂಹಲಕರವಾದುದು. ಲೀ ಟ್ಯಾಂಕಿನ 75ರ ಫಿರಂಗಿ ಒಡಲಿನ ಬಲಪಾರ್ಶ್ವದಲ್ಲಿದೆ. ಚಿತ್ರದಲ್ಲಿ ಅದು ಎಡಪಾರ್ಶ್ವದಲ್ಲಿ ಕಂಡರೆ, ಅಂತಹ ಭೇದವೊಂದಿತ್ತೆಂದು ಹೇಳುವುದು ಅಸಂಭವವನ್ನು ಹೇಳಿದಂತೆ. ಮುದ್ರಿಸುವವನು ಚಿತ್ರವನ್ನು ಮಗುಚಿರುವನೆಂದೇ ತಿಳಿಯತಕ್ಕದ್ದು. ಲಿಪಿಕಾರನ ಸ್ಖಾಲಿತ್ಯವನ್ನು ಕವಿಯ ಪ್ರಯೋಗವೆಂದು ಸಾಧಿಸಹೊರಡುವ ಟೀಕಾಕಾರರನ್ನು ನಾವು ಕಂಡಿಲ್ಲವೆ?

ಇವುಗಳೊಡನೆ ಕಾಲವಿರೋಧವೆಂಬ ನಾಲ್ಕನೆಯದನ್ನೂ ಸೇರಿಸಬೇಕು. 1971ರ ಯುದ್ಧದಲ್ಲಿ ನಮ್ಮ ಸೈನ್ಯದ ಟಿ-55 ಟ್ಯಾಂಕುಗಳಲ್ಲಿ 100 ಮಿಲಿಮೀಟರ್ ಫಿರಂಗಿಯಿದ್ದಿತು; ಹೊಗೆಯನ್ನು ಹೊರದೂಡುವ ಉಬ್ಬು ಅದರ ಮೂತಿಯ ತುದಿಯಲ್ಲಿಯೇ ಇರುವುದು. ಮುಂದೆ ಅವುಗಳಲ್ಲಿ ಅನೇಕಕ್ಕೆ 105ರ ಫಿರಂಗಿಯನ್ನು ಅಳವಡಿಸಿದರು; ಅದರಲ್ಲಿ ಆ ಉಬ್ಬು ನಳಿಕೆಯ ನಡುಭಾಗಕ್ಕೆ ಸರಿದಿದೆ. ನಡುವಿನಲ್ಲಿ ಉಬ್ಬುಳ್ಳ ನಮ್ಮ ಟಿ-55ರ ಚಿತ್ರದಡಿಯಲ್ಲಿ 1971 ಎಂದು ಬರೆದಿದ್ದರೆ ಆ ಬರಹವು ಪ್ರಕ್ಷಿಪ್ತವೆನ್ನದೆ ಗತ್ಯಂತರವಿಲ್ಲ.

ಇನ್ನು ಜೋಜಿಲಾಕ್ಕೆ ಬರೋಣ. ಅಲ್ಲಿ ಹೋರಾಡಿದುದು 7ನೆಯ ಕ್ಯಾವಲ್ರಿಯ ಸ್ಟುವರ್ಟ್ ಎಂಬ ಲಘು ಟ್ಯಾಂಕು. ಫಿರಂಗಿ 37 ಮಿಲಿಮೀಟರ್ ಮಾತ್ರ. ಈ ಜಾತಿಯ ಮೊದಲ ಟ್ಯಾಂಕುಗಳಲ್ಲಿದ್ದ ಎಂ-5 ಫಿರಂಗಿಗಿಂತ ಆಮೇಲಿನ ಎಂ-6 ಸುಮಾರು 5 ಅಂಗುಲ ಉದ್ದ. ಟ್ಯಾಂಕು ಓರೆಯಾಗಿ ನಿಂತಿರುವ ಚಿತ್ರದಲ್ಲಿ ಈ 5 ಅಂಗುಲವನ್ನು ಕಣ್ಣಳತೆಯಿಂದ ನಿಶ್ಚಯಿಸುವುದು ಸಾಹಸ. ಪಾರ್ಶ್ವದಿಂದ ತೆಗೆದ ಚಿತ್ರವಿದ್ದು, ಚಕ್ರದ ವ್ಯಾಸದಂತಹ ತಿಳಿದ ಅಳತೆಯೊಡನೆ ಹೋಲಿಸಲು ಶಕ್ಯವಾದರೆ ನಿರ್ಣಯಿಸಬಹುದು. ಇಲ್ಲವಾದರೆ ‘ಸ್ಟುವರ್ಟ್, ಫಿರಂಗಿಯ ಭೇದ ಸಂದಿಗ್ಧ’ ಎಂದು ಬರೆಯುವುದೇ ಪ್ರಾಮಾಣಿಕತೆ.

ಇಷ್ಟು ಸೂಕ್ಷ್ಮದಿಂದ ಪ್ರಯೋಜನವೇನೆಂದು ಕೇಳುವವರಿರಬಹುದು. ಜೋಜಿಲಾದ ಹಿರಿಮೆಯು ಫಿರಂಗಿಯ ಗಾತ್ರದಲ್ಲಿಲ್ಲ. 11,500 ಅಡಿ ಎತ್ತರದ ಆ ಕಣಿವೆಗೆ ಟ್ಯಾಂಕು ಬರಲಾರದೆಂದು ಶತ್ರುವು ನಂಬಿದ್ದನು. ಬೆಂಗಳೂರನ್ನು ಕೇಂದ್ರವಾಗುಳ್ಳ ಮದ್ರಾಸ್ ಸ್ಯಾಪರ್ಸ್ ದಳದವರು ಬಾಲ್ಟಾಲದಿಂದ ಮೇಲಕ್ಕೆ ದಾರಿಯನ್ನು ಕಡಿದರು. 13ರಿಂದ 15 ಟನ್ನು ತೂಕದ ಸಣ್ಣ ಟ್ಯಾಂಕುಗಳು ಆ ದಾರಿಯನ್ನೇರಿದವು. ಆ ಪ್ರಸಂಗದ ಪಕ್ಕದಲ್ಲಿ 30 ಟನ್ನಿನ ಶೆರ್ಮನ್ನನ್ನು ಮುದ್ರಿಸಿದರೆ ಚಿತ್ರವು ಭವ್ಯವಾಗಬಹುದು, ಅರ್ಥವು ಕೆಡುತ್ತದೆ. ಅಲ್ಪಸಾಧನದಿಂದ ಮಹಾಕಾರ್ಯವಾಯಿತೆಂಬ ಆ ವೃತ್ತಾಂತದ ಜೀವವೇ ಹೋಗಿ, ದೊಡ್ಡ ಯಂತ್ರವು ಗೆದ್ದಿತೆಂಬ ನೀರಸವಾದ ಮಾತು ಉಳಿಯುತ್ತದೆ. ದಾರಿಯನ್ನು ಕಡಿದವರ ಶ್ರಮವೂ ಮರೆಯಾಗುತ್ತದೆ.

ಆದುದರಿಂದ ಪ್ರಕಾಶಕರಲ್ಲಿಯೂ ಉಪಾಧ್ಯಾಯರಲ್ಲಿಯೂ ನಮ್ಮ ವಿಜ್ಞಾಪನೆಯಿಷ್ಟೆ. ಚಿತ್ರದೊಡನೆ ಬಂದ ಮೂಲಬರಹವನ್ನು ತಿದ್ದದೆ ಹಾಗೆಯೇ ಕೊಡಬೇಕು. ತಮ್ಮ ನಿರ್ಣಯವನ್ನು ಬೇರೆಯಾಗಿ, ಯಾವ ಲಿಂಗದಿಂದ ಮಾಡಿದುದೆಂಬ ಕಾರಣಸಹಿತವಾಗಿ ಬರೆಯಬೇಕು. ಒಂದೇ ಲಿಂಗವನ್ನು ನಂಬದೆ ಎರಡು ಮೂರು ಒಟ್ಟಾಗಿ ಸಾಕ್ಷಿ ಹೇಳುವವರೆಗೆ ಕಾಯಬೇಕು. ಗ್ರಂಥಸಂಪಾದನೆಯಲ್ಲಿ ನಾವು ಪಾಲಿಸುವ ನಿಯಮಗಳೇ ಇವು. ಸತ್ತ ಕವಿಗೆ ಸಲ್ಲಿಸುವಷ್ಟು ನ್ಯಾಯವನ್ನು ಸತ್ತ ಯೋಧನಿಗೂ ಸಲ್ಲಿಸುವುದು ವಿದ್ವಾಂಸರ ಧರ್ಮವಾಗಿದೆ.