ಮಂಜಾದರೆ ಬರಬೇಕು

ಕಣ್ಣಿನ ಪೊರೆಯನ್ನು ತೆಗೆಸಿಕೊಂಡು ಊರಿಗೆ ಮರಳುವ ವೃದ್ಧೆಗೆ 'ನೋವಾದರೆ ಬನ್ನಿ' ಎಂದು ಹೇಳಿ ಕಳುಹಿಸುವ ವಾಡಿಕೆಯೊಂದುಂಟು. ಕಣ್ಣಿನೊಳಗಣ ಸೋಂಕಿನ, ಎಂದರೆ ಎಂಡಾಫ್ತಲ್ಮೈಟಿಸ್ಸಿನ, ನಿವಾರಣೆಯಲ್ಲಿ ನಾವು ಎಷ್ಟು ಮುಂದುವರಿದಿದ್ದೇವೆ, ಎಲ್ಲಿ ಎಡವುತ್ತೇವೆ ಎಂಬುದನ್ನು ಈ ಒಂದು ವಾಕ್ಯದಿಂದಲೇ ಅಳೆಯಬಹುದೆಂದು ನನ್ನ ಅಭಿಪ್ರಾಯ.

ಮುಂದುವರಿದದ್ದು ನಿಜ. ಬೀಳಗಿಯ ಡಾ. ಮುರುಗೆಪ್ಪ ಚನ್ನವೀರಪ್ಪ ಮೋದಿಯವರು ಊರೂರಿಗೂ ಕೊಂಡೊಯ್ದ ನೇತ್ರಶಿಬಿರಗಳು ಅಸಂಖ್ಯ ದೀನರಿಗೆ ಬೆಳಕನ್ನಿತ್ತವು. ಆದರೆ 1986ರಲ್ಲಿ ಉತ್ತರಪ್ರದೇಶದ ಖುರ್ಜಾ ಶಿಬಿರದಲ್ಲಿ ಹತ್ತಾರು ಜನ ಸೋಂಕಿನಿಂದ ಕಣ್ಣನ್ನೇ ಕಳೆದುಕೊಂಡ ಮೇಲೆ, ಕರುಣೆಯೊಂದೇ ಶುಚಿತ್ವವಾಗದೆಂಬುದು ದೇಶಕ್ಕೆ ಮನವರಿಕೆಯಾಯಿತು. ಇಂದು ಶಸ್ತ್ರ ಮುಟ್ಟುವ ಮುನ್ನ ಕಣ್ಣಿಗೆ ಬಿಡುವ ಶೇ. 5ರ ಪೊವಿಡೋನ್ ಅಯೊಡಿನ್ ಹನಿಯೂ, ಕೊನೆಯಲ್ಲಿ ಕಣ್ಣಿನ ಮುಂಗೋಣೆಗೆ ಚುಚ್ಚುವ ಪ್ರತಿಜೀವಕವೂ ಅಗ್ಗವಾದ ಕಾವಲುಗಾರರು. ಅರವಿಂದ ಕಣ್ಣಾಸ್ಪತ್ರೆಗಳವರು 2017ರಲ್ಲಿ ಪ್ರಕಟಿಸಿದ ಸುಮಾರು 6 ಲಕ್ಷ ಶಸ್ತ್ರಕ್ರಿಯೆಗಳ ಲೆಕ್ಕದಲ್ಲಿ, ಮಾಕ್ಸಿಫ್ಲಾಕ್ಸಸಿನ್ ಚುಚ್ಚಿದ ಕಣ್ಣುಗಳಲ್ಲಿ ಸೋಂಕು ಶೇ. 0.07ರಿಂದ 0.02ಕ್ಕಿಳಿಯಿತು.

ಚಿಕಿತ್ಸೆಯ ಪ್ರಮಾಣಗ್ರಂಥವೆನಿಸಿರುವುದು ಅಮೆರಿಕದಲ್ಲಿ 420 ರೋಗಿಗಳನ್ನು ಪರೀಕ್ಷಿಸಿ 1995ರಲ್ಲಿ ಹೊರಬಂದ ಅಧ್ಯಯನ. ಕೈಯಾಡುವುದಾದರೂ ಕಾಣುವ ಕಣ್ಣಿಗೆ ಪ್ರತಿಜೀವಕದ ಚುಚ್ಚುಮದ್ದೇ ಸಾಕು. ಬೆಳಕಿನ ಅರಿವು ಮಾತ್ರ ಉಳಿದಿದ್ದರೆ ಗಾಜುರಸವನ್ನು ತೆಗೆಯುವ ವಿಟ್ರೆಕ್ಟಮಿಯನ್ನು ತಡಮಾಡದೆ ನಡೆಸಬೇಕು ಎಂಬುದು ಅದರ ತೀರ್ಪು. ಸೊಗಸಾದ ವಿವೇಕವಿದು. ಆದರೆ ಅದು ಪೊರೆಯ ಶಸ್ತ್ರಕ್ರಿಯೆಗೊಳಗಾದವರನ್ನು ಮುಖ್ಯವಾಗಿ ಕುರಿತದ್ದು. ಇಚಲಕರಂಜಿಯ ವಿದ್ಯುನ್ಮಗ್ಗದಿಂದ ಸಿಡಿದ ಲಾಳಿ ಒಡೆದ ಕಣ್ಣನ್ನೂ, ಗಡಹಿಂಗ್ಲಜದ ಗದ್ದೆಯಲ್ಲಿ ಕಬ್ಬಿನ ರವದಿ ಗೀಚಿ ಬೂಷ್ಟು ಒಳಹೊಕ್ಕ ಕಣ್ಣನ್ನೂ ಅದೇ ಅಳತೆಗೋಲಿನಿಂದ ಅಳೆಯುವುದು ಸಲ್ಲದು.

ಅದೇ ಅಧ್ಯಯನದಲ್ಲಿ ನಮ್ಮವರು ಗಮನಿಸದೆ ದಾಟುವ ಸಂಗತಿಯೊಂದಿದೆ: ಸೋಂಕು ತಗುಲಿದವರಲ್ಲಿ ಸುಮಾರು ಕಾಲುಭಾಗದವರಿಗೆ ನೋವೇ ಇರಲಿಲ್ಲ, ದೃಷ್ಟಿ ಮಂಜಾದುದು ಮಾತ್ರ ಬಹುತೇಕ ಎಲ್ಲರಿಗೂ. ಹಾಗಾದರೆ 'ನೋವಾದರೆ ಬನ್ನಿ' ಎಂಬ ಮಾತನ್ನು ನಂಬಿದ ಮುದುಕಿಯು, ಅದೂ ಮನೆಯಲ್ಲಿ ಕನ್ನಡವನ್ನಾಡಿ ಕೊಲ್ಹಾಪುರದ ಆಸ್ಪತ್ರೆಯಲ್ಲಿ ಮರಾಠಿಯ ಚೀಟಿಯನ್ನು ಪಡೆದವಳು, ನೋವಿಲ್ಲವೆಂದು ಸಮಾಧಾನದಿಂದ ಕುಳಿತಿರುವಾಗ, ಗಂಟೆಗಳ ಲೆಕ್ಕದಲ್ಲಿ ಉಳಿಸಬಹುದಾದ ಕಣ್ಣು ದಿನಗಳ ಲೆಕ್ಕದಲ್ಲಿ ಆರಿಹೋಗುತ್ತದೆ. ಇದು ಔಷಧದ ಕೊರತೆಯಲ್ಲ, ಮಾತಿನ ಕೊರತೆ. ಆದಕಾರಣವೇ ನನಗೆ ಹೆಚ್ಚು ಅಸಹನೀಯ. ಆಕೆಯನ್ನು ಬಸ್ಸಿಗೆ ಹತ್ತಿಸುವ ಮುನ್ನ ಅವಳ ಕನ್ನಡದಲ್ಲಿಯೇ ಯಾರಾದರೂ ಹೇಳಲಿ: 'ದಿನಾ ಮುಂಜಾನೆ ಇನ್ನೊಂದು ಕಣ್ಣ ಮುಚ್ಚಿ ಮೊಮ್ಮಗನ ಮಾರಿ ನೋಡವ್ವಾ, ನಿನ್ನಿಗಿಂತ ಮಂಜ ಕಂಡರ, ನೋವ ಇರಲಿ ಬಿಡಲಿ, ಅವತ್ತ ಹೊರಟ ಬಾ.'