ಗಡಿಶಾಲೆಯ ಮಕ್ಕಳಿಗೆ ಕಥಾಪುಸ್ತಕಗಳು: ಆಯ್ಕೆಯ ವಿಚಾರ

ಶಾಲೆಯ ವಾಚನಾಲಯಕ್ಕೆ ಯಾವ ಕಥಾಪುಸ್ತಕಗಳನ್ನು ತರಿಸಬೇಕೆಂಬ ಪ್ರಶ್ನೆ ವರ್ಷಕ್ಕೊಮ್ಮೆ ನಮ್ಮೆಲ್ಲರ ಮುಂದೆ ಬರುತ್ತದೆ. ಉತ್ತರ ಮಾತ್ರ ಬಹುಮಟ್ಟಿಗೆ ಒಂದೇ ಬಗೆಯದು: ನೀತಿಕಥೆಗಳು, ಮಹಾಪುರುಷರ ಬಾಲ್ಯದ ಪ್ರಸಂಗಗಳು, ಪುರಾಣಕಥೆಗಳ ಸಂಗ್ರಹಗಳು. ಪಟ್ಟಿ ಸಿದ್ಧಪಡಿಸುವವರ ಉದ್ದೇಶದಲ್ಲಿ ದೋಷವೇನೂ ಇಲ್ಲ. ಆದರೆ ‘ಇದರಿಂದ ಮಗುವಿಗೆ ಯಾವ ನೀತಿ ದೊರೆಯುತ್ತದೆ?’ ಎಂದು ಕೇಳುವಷ್ಟು ಆಸ್ಥೆಯಿಂದ, ‘ಇದನ್ನು ಮಗು ಕೊನೆಯವರೆಗೆ ಓದೀತೇ? ಓದಿ ಇನ್ನೊಂದು ಪುಸ್ತಕ ಕೊಡಿ ಎಂದು ಬಂದೀತೇ?’ ಎಂದು ನಾವು ಕೇಳುವುದಿಲ್ಲ. ಗಡಿನಾಡಿನಲ್ಲಿ ಈ ಎರಡನೆಯ ಪ್ರಶ್ನೆಯೇ ಮೊದಲನೆಯದಾಗಬೇಕೆಂಬುದು ನಮ್ಮ ಅಭಿಮತ.

ಇದಕ್ಕೆ ಕಾರಣವುಂಟು. ಕಾಸರಗೋಡಿನ ಒಂದು ಕನ್ನಡ ತರಗತಿಯಲ್ಲಿ ಕುಳಿತ ಮಕ್ಕಳ ಮನೆಮಾತನ್ನು ವಿಚಾರಿಸಿ ನೋಡಿ. ತುಳು, ಮಲಯಾಳ, ಬ್ಯಾರಿ, ಕೊಂಕಣಿ, ಮರಾಟಿ, ಹವ್ಯಕ ಕನ್ನಡ, ಹೀಗೆ ಹಲವು ಮಾತುಗಳು ಒಂದೇ ಬೆಂಚಿನಲ್ಲಿ ಕೂಡುತ್ತವೆ. 1956ರ ನವೆಂಬರ್ 1ರಂದು ಈ ಪ್ರದೇಶ ಕೇರಳಕ್ಕೆ ಸೇರಿದ ಮೇಲೆ ಕಚೇರಿಯ ಮತ್ತು ಪೇಟೆಯ ಬರವಣಿಗೆ ಮಲಯಾಳದ್ದಾಯಿತು. ಅಕ್ಕಲಕೋಟೆಯ ಮಗುವಿಗೆ ಮರಾಠಿ, ತಾಳವಾಡಿಯ ಮಗುವಿಗೆ ತಮಿಳು, ಆದವಾನಿಯ ಮಗುವಿಗೆ ತೆಲುಗು ಇದೇ ಸ್ಥಾನದಲ್ಲಿ ನಿಂತಿವೆ. ಆದುದರಿಂದ ನಮ್ಮ ಮಕ್ಕಳಲ್ಲಿ ಅನೇಕರಿಗೆ ಕನ್ನಡದ ಅಕ್ಷರ ಕಣ್ಣಿಗೆ ಬೀಳುವುದು ಪಠ್ಯಪುಸ್ತಕದಲ್ಲಿ ಮಾತ್ರ. ಪರೀಕ್ಷೆಗೆಂದೇ ಓದಿದ ಕನ್ನಡವು ಪರೀಕ್ಷೆಯೊಡನೆ ಮುಗಿದುಹೋಗುತ್ತದೆ. ಅದರಾಚೆಗೂ ಕನ್ನಡವನ್ನು ಓದಲು ಮಗುವಿಗೆ ಒಂದು ಸ್ವಂತ ಕಾರಣ ಬೇಕು. ಆ ಕಾರಣವನ್ನು ಒದಗಿಸುವ ಶಕ್ತಿ ಕಥೆಗಿರುವಷ್ಟು ಬೇರಾವುದಕ್ಕೂ ಇಲ್ಲ.

ನಮ್ಮ ಹಿಂದಿನವರಿಗೆ ಈ ವಿಷಯ ತಿಳಿಯದುದಲ್ಲ. ಹನ್ನೊಂದನೆಯ ಶತಮಾನದಲ್ಲಿ ದುರ್ಗಸಿಂಹನು ಕನ್ನಡಕ್ಕೆ ತಂದ ಪಂಚತಂತ್ರದ ಪರಂಪರೆಯೇ ಪಾಠಕ್ಕೆ ಒಲ್ಲದ ರಾಜಕುಮಾರರಿಗೆ ಕಥೆ ಹೇಳುವುದರಿಂದ ಹುಟ್ಟಿದುದು. ನಮ್ಮ ಕಾಲಕ್ಕೆ ಸಮೀಪದವರನ್ನು ನೋಡುವುದಾದರೆ ಪಂಜೆ ಮಂಗೇಶರಾಯರಿದ್ದಾರೆ. 1874ರಲ್ಲಿ ಬಂಟವಾಳದಲ್ಲಿ ಹುಟ್ಟಿದ ಅವರು ಶಿಕ್ಷಕರಾಗಿಯೂ ಶಾಲೆಗಳ ತನಿಖಾಧಿಕಾರಿಯಾಗಿಯೂ ದುಡಿದವರು. 1921ರಲ್ಲಿ ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲವನ್ನು ಆರಂಭಿಸಿದವರು. ತರಗತಿಯ ಬಾಗಿಲಲ್ಲಿ ನಿಂತು ಮಕ್ಕಳ ಮುಖ ನೋಡಿದವರ ಬರವಣಿಗೆ ಅದು.

ಕಿರಿಯ ತರಗತಿಗಳಿಗೆ, ಎಂದರೆ ಕೇರಳದ ಎಲ್.ಪಿ. ವಿಭಾಗದ ಒಂದರಿಂದ ನಾಲ್ಕನೆಯ ತರಗತಿಯವರೆಗೆ, ನಾವು ಮೊದಲು ಸೂಚಿಸುವುದು ಪಂಜೆಯವರ ‘ಸಿಗಡಿ ಯಾಕೆ ಒಣಗಲಿಲ್ಲ’ ಎಂಬ ಕಥೆಯನ್ನು. ಒಬ್ಬರನ್ನು ಕೇಳಿದರೆ ಇನ್ನೊಬ್ಬರತ್ತ ಕೈ ತೋರಿಸುವ ಸರಪಣಿ ಕಥೆ ಇದು. ಇದರ ನೀತಿಯೇನೆಂದು ಹುಡುಕಹೊರಟವರಿಗೆ ಹೆಚ್ಚೇನೂ ಸಿಗದು. ಆದರೆ ಶಿಕ್ಷಕನ ಕಣ್ಣಿಗೆ ಇದರ ಗುಣ ಬೇರೆ. ಒಂದೇ ಬಗೆಯ ಪ್ರಶ್ನೆ, ಒಂದೇ ಬಗೆಯ ಉತ್ತರ ಮತ್ತೆ ಮತ್ತೆ ಬರುವುದರಿಂದ ಕನ್ನಡ ಅಷ್ಟಾಗಿ ಬಾರದ ಮಗುವೂ ಮೂರನೆಯ ಸಲಕ್ಕೆ ಬಾಯಿಗೂಡಿಸುತ್ತದೆ; ನಾಲ್ಕನೆಯ ಸಲಕ್ಕೆ ಶಿಕ್ಷಕರಿಗಿಂತ ಮುಂದೆ ಓಡುತ್ತದೆ. ಮುಂದಿನ ಸಾಲು ತನಗೆ ಗೊತ್ತೆಂಬ ಹೆಮ್ಮೆಯೇ ಓದಿನ ಮೊದಲ ಮೆಟ್ಟಿಲು. ‘ಯಾಕೆ’ ಎಂಬ ಪ್ರಶ್ನಾರ್ಥಕವನ್ನೂ ‘ಇಲ್ಲ’ ಎಂಬ ನಿಷೇಧರೂಪವನ್ನೂ ಕಲಿಸಲು ವ್ಯಾಕರಣದ ಎರಡು ಪಾಠಗಳಿಂದ ಆಗದುದು ಈ ಒಂದು ಕಥೆಯಿಂದ ಆಗುತ್ತದೆ.

ಇವರದೇ ‘ಕೋಟಿ ಚೆನ್ನಯ’ ಐದನೆಯ ತರಗತಿಯಿಂದ ಮೇಲಿನವರಿಗೆ ಉಚಿತವಾದುದು. ತುಳು ಪಾಡ್ದನದ ವೀರರನ್ನು ಕನ್ನಡ ಗದ್ಯಕ್ಕೆ ತಂದ ಕೃತಿಯಿದು. ಮನೆಯಲ್ಲಿ ಅಜ್ಜಿಯ ಬಾಯಿಂದ ತುಳುವಿನಲ್ಲಿ ಕೇಳಿದುದನ್ನು, ಊರ ಗರಡಿಯಲ್ಲಿ ಕೈಮುಗಿದುದನ್ನು, ಶಾಲೆಯ ಕನ್ನಡದಲ್ಲಿ ಕಂಡಾಗ ಮಗುವಿಗೆ ಕನ್ನಡ ಪರಕೀಯವೆನಿಸುವುದಿಲ್ಲ. ಮನೆಮಾತನ್ನು ಹೊರಗೆ ಬಿಟ್ಟು ಶಾಲೆಗೆ ಬರಬೇಕಾಗಿಲ್ಲವೆಂದು ಆ ಪುಸ್ತಕವೇ ಹೇಳುತ್ತದೆ. ಗದ್ದೆಯ ವಿಷಯದಲ್ಲಿ ಬುದ್ಯಂತನೊಡನೆ ಹುಟ್ಟಿದ ಕಲಹ, ಕೊಲೆ, ಕೊನೆಗೆ ಎಣ್ಮೂರಿನಲ್ಲಿ ವೀರರ ಮರಣ, ಇವು ಮಕ್ಕಳಿಗೆ ತಕ್ಕವಲ್ಲವೆಂದು ಕೆಲವರ ಆಕ್ಷೇಪ. ಈ ಆಕ್ಷೇಪವನ್ನು ನಾವು ಹಗುರವಾಗಿ ತಳ್ಳಿಹಾಕುವುದಿಲ್ಲ. ಆದರೂ ಹತ್ತು ಹನ್ನೊಂದು ವಯಸ್ಸಿನ ಮಕ್ಕಳು ಸಾವನ್ನರಿಯದವರಲ್ಲ. ಹಿಂಸೆಯ ರುಚಿ ಹತ್ತಿಸುವ ಕಥೆ ಬೇರೆ, ಅನ್ಯಾಯಕ್ಕೆ ಬಾಗದವರು ತೆತ್ತ ಬೆಲೆಯನ್ನು ಹೇಳುವ ಕಥೆ ಬೇರೆ. ಕೋಟಿ ಚೆನ್ನಯರ ಕಥೆ ಎರಡನೆಯ ಬಗೆಯದು.

ನೀತಿಯನ್ನು ನಾವು ಬೇಡವೆನ್ನುತ್ತಿಲ್ಲ. ಅದು ಕಥೆಯ ಬಾಲಕ್ಕೆ ಕಟ್ಟಿದ ಚೀಟಿಯಾಗಬಾರದೆನ್ನುತ್ತೇವೆ. ಪ್ರೇಮಚಂದರ ‘ಈದ್‌ಗಾಹ್’ ಇದಕ್ಕೆ ಒಳ್ಳೆಯ ದೃಷ್ಟಾಂತ. ತಂದೆತಾಯಿಯಿಲ್ಲದ ಹಾಮಿದನ ಕೈಯಲ್ಲಿರುವುದು ಮೂರು ಪೈಸೆ. ಜೊತೆಯ ಹುಡುಗರು ಜಾತ್ರೆಯಲ್ಲಿ ಬೊಂಬೆ, ಮಿಠಾಯಿ ಕೊಂಡರೆ ಈತ ರೊಟ್ಟಿ ಸುಡುವಾಗ ಕೈ ಸುಟ್ಟುಕೊಳ್ಳುವ ಅಜ್ಜಿಗೆ ಇಕ್ಕುಳ ಕೊಳ್ಳುತ್ತಾನೆ. ಹಾಮಿದ ಒಳ್ಳೆಯ ಹುಡುಗನೆಂದು ಕಥೆಗಾರ ಸಾರಬೇಕಾಗಿಲ್ಲ. ಹುಡುಗನಿಗೂ ಆಸೆಯಿದೆ, ಗೆಳೆಯರ ಬೊಂಬೆಗಳ ಮುಂದೆ ತನ್ನ ಇಕ್ಕುಳವೇ ಮೇಲೆಂದು ವಾದಿಸುವ ಜಂಬವೂ ಇದೆ. ಅಜ್ಜಿ ಮೊದಲು ಗದರುತ್ತಾಳೆ, ಆಮೇಲೆ ಅಳುತ್ತಾಳೆ. ಇದನ್ನು ಓದಿ ಹೇಳಿದ ಮೇಲೆ ‘ಈ ಕಥೆಯಿಂದ ನಾವು ಕಲಿಯುವ ನೀತಿ’ ಎಂದು ಕಪ್ಪುಹಲಗೆಯಲ್ಲಿ ಬರೆಯುವ ಶಿಕ್ಷಕನು ಕಥೆಗೆ ಉಪಕಾರ ಮಾಡಿದಂತಾಗದು. ಒಂದು ಗಳಿಗೆ ಸುಮ್ಮನಿರುವುದೇ ಲೇಸು.

ರವೀಂದ್ರನಾಥ ಠಾಕೂರರ ‘ಕಾಬೂಲಿವಾಲ’ವನ್ನು ಆರು ಏಳನೆಯ ತರಗತಿಗಳಿಗೆ ಸೂಚಿಸುತ್ತೇವೆ. 1892ರಲ್ಲಿ ಪ್ರಕಟವಾದ ಈ ಬಂಗಾಳಿ ಕಥೆಯಲ್ಲಿ ದೂರದೇಶದ ವ್ಯಾಪಾರಿ ರಹಮತನಿಗೂ ಪುಟ್ಟ ಮಿನಿಗೂ ಸ್ನೇಹವಾಗುತ್ತದೆ. ಅವನು ಎದೆಯ ಬಳಿ ಕಾಪಾಡಿಕೊಂಡ ಕಾಗದದ ಮೇಲೆ ಊರಲ್ಲಿರುವ ಮಗಳ ಪುಟ್ಟ ಕೈಯ ಗುರುತಿದೆಯೆಂದು ತಿಳಿದಾಗ ಮಿನಿಯ ತಂದೆಯ ಕಣ್ಣು ತೆರೆಯುತ್ತದೆ. ಬೇರೆ ಮಾತು, ಬೇರೆ ವೇಷದವನೂ ತನ್ನಂತೆಯೇ ತಂದೆಯೆಂಬ ಅರಿವು ನಾಲ್ಕು ಭಾಷೆಗಳ ನಡುವೆ ಬೆಳೆಯುವ ನಮ್ಮ ಮಕ್ಕಳಿಗೆ ಬಹು ಅಗತ್ಯವಾದುದು.

ಮೇಲಿನ ತರಗತಿಯವರಿಗೆ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ವನ್ನು ಹೆಸರಿಸಿದಾಗ, ಇಷ್ಟು ದೊಡ್ಡ ಕಾದಂಬರಿ ಮಕ್ಕಳಿಗೇಕೆ ಎಂದು ಕೆಲವರು ಹುಬ್ಬೇರಿಸುವುದುಂಟು. 1980ರಲ್ಲಿ ಬಂದ ಈ ಕಾದಂಬರಿ ಮಕ್ಕಳಿಗೆಂದೇ ಬರೆದುದಲ್ಲ, ನಿಜ. ಮೊದಲ ಓದಿಗೆ ಮಗು ಇದರ ತತ್ತ್ವಚಿಂತನೆಯನ್ನು ದಾಟಿ ಹೋದೀತು, ಅದೂ ನಿಜ. ಆದರೆ ಜೇನು ಹಿಡಿಯುವ ಮಂದಣ್ಣ, ಕಿವಿ ಎಂಬ ನಾಯಿ, ಹಾರುವ ಓತಿಯನ್ನು ಹುಡುಕಿ ಕಾಡು ಹೊಕ್ಕ ತಂಡ, ಇವು ಯಾವ ಹುಡುಗನನ್ನು ಹಿಡಿದು ನಿಲ್ಲಿಸಲಾರವು? ಊರವರು ದಡ್ಡನೆಂದು ತಿಳಿದ ಮಂದಣ್ಣನಲ್ಲಿ ವಿಜ್ಞಾನಿ ಕರ್ವಾಲೊ ಒಬ್ಬ ನಿಸರ್ಗಜ್ಞನನ್ನು ಕಾಣುತ್ತಾರೆ. ಹಿಂದಿನ ಬೆಂಚಿನ ಹುಡುಗರಿಗೆ ಇದಕ್ಕಿಂತ ದೊಡ್ಡ ಧೈರ್ಯದ ಮಾತು ಬೇಕೇ? ಶಿಕ್ಷಕರು ಮೊದಲ ಎರಡು ಅಧ್ಯಾಯಗಳನ್ನು ಗಟ್ಟಿಯಾಗಿ ಓದಿ, ಪುಸ್ತಕವನ್ನು ಮೇಜಿನ ಮೇಲೆ ಬಿಟ್ಟು ಹೋಗಲಿ.

ಈಚಿನ ಬರವಣಿಗೆಯನ್ನೂ ನಾವು ಗಮನಿಸಬೇಕು. ಕೇಂದ್ರ ಸಾಹಿತ್ಯ ಅಕಾಡೆಮಿಯು 2010ರಿಂದ ಬಾಲಸಾಹಿತ್ಯ ಪುರಸ್ಕಾರವನ್ನು ನೀಡುತ್ತಿದೆ. ಬಸು ಬೇವಿನಗಿಡದ ಅವರ ‘ಓಡಿ ಹೋದ ಹುಡುಗ’ 2021ರಲ್ಲಿಯೂ, ತಮ್ಮಣ್ಣ ಬೀಗಾರರ ‘ಬಾವಲಿ ಗುಹೆ’ 2022ರಲ್ಲಿಯೂ, ವಿಜಯಶ್ರೀ ಹಾಲಾಡಿಯವರ ‘ಸೂರಕ್ಕಿ ಗೇಟ್’ 2023ರಲ್ಲಿಯೂ ಈ ಪುರಸ್ಕಾರವನ್ನು ಪಡೆದವು. ಕನ್ನಡದಲ್ಲಿ ಮಕ್ಕಳ ಕಾದಂಬರಿಯಿಲ್ಲವೆಂಬ ದೂರು ಇನ್ನು ಸಲ್ಲದು. ಆದರೆ ಪುರಸ್ಕಾರವು ಸೂಚನೆ ಮಾತ್ರ. ಶಿಕ್ಷಕನು ತಾನು ಓದದ ಪುಸ್ತಕವನ್ನು ಪಟ್ಟಿಗೆ ಸೇರಿಸಬಾರದು.

ಇನ್ನೊಂದು ಸೂಚನೆ ಗಡಿನಾಡಿಗೇ ವಿಶಿಷ್ಟವಾದುದು. ನೆರೆಭಾಷೆಯ ಕಥೆಗಳಿಗೂ ನಮ್ಮ ತರಗತಿಯಲ್ಲಿ ಸ್ಥಳವಿರಲಿ. ವೈಕಂ ಮುಹಮ್ಮದ್ ಬಷೀರರ ‘ಪಾತುಮ್ಮಾಯುಡೆ ಆಡ್’ ಎಂಬ ಮಲಯಾಳ ಕೃತಿಯಲ್ಲಿ ಆಡು ಲೇಖಕರ ಪುಸ್ತಕಗಳನ್ನೇ ತಿಂದುಹಾಕುತ್ತದೆ. ಆ ಪ್ರಸಂಗವನ್ನು ಮಲಯಾಳ ಬಲ್ಲ ಶಿಕ್ಷಕರು ಕನ್ನಡದಲ್ಲಿ ಹೇಳಿದರೆ ತರಗತಿ ನಗೆಯಿಂದ ತುಂಬೀತು. ಸೊಲ್ಲಾಪುರದ ಕಡೆಯವರು ಸಾನೆ ಗುರೂಜಿ 1933ರಲ್ಲಿ ನಾಸಿಕದ ಸೆರೆಮನೆಯಲ್ಲಿ ಬರೆದ ‘ಶ್ಯಾಮಚೀ ಆಯಿ’ಯಿಂದ ಒಂದೊಂದು ರಾತ್ರಿಯ ಕಥೆಯನ್ನು ಹೀಗೆಯೇ ಹೇಳಬಹುದು. ನೆರೆಯ ಭಾಷೆಯನ್ನು ದ್ವೇಷಿಸಿ ಕನ್ನಡವನ್ನು ಉಳಿಸುವುದು ಸಾಧ್ಯವಿಲ್ಲ. ಅದರ ಒಳ್ಳೆಯದನ್ನು ಕನ್ನಡದಲ್ಲಿ ಕೇಳಿಸಿದರೆ ಕನ್ನಡವೇ ಬೆಳೆಯುತ್ತದೆ.

ಕೊನೆಯದಾಗಿ ಶಿಕ್ಷಕಬಂಧುಗಳಲ್ಲಿ ನಮ್ಮ ವಿನಂತಿ ಇಷ್ಟೆ. ಪುಸ್ತಕ ಹರಿದೀತೆಂಬ ಭಯದಿಂದ ಕಪಾಟಿಗೆ ಬೀಗ ಹಾಕಿಟ್ಟ ಶಾಲೆಗಳನ್ನು ನಾವು ಕಂಡಿದ್ದೇವೆ. ದಾಸ್ತಾನು ಪುಸ್ತಕದ ಲೆಕ್ಕ ಸರಿಯಾಗಿರುತ್ತದೆ, ಓದುವವರು ಮಾತ್ರ ಇರುವುದಿಲ್ಲ. ವಾರಕ್ಕೆ ಒಂದು ಗಂಟೆಯನ್ನು ಕಥೆ ಓದಿ ಹೇಳುವುದಕ್ಕೆ ಮೀಸಲಿಡೋಣ. ಅದಕ್ಕೆ ಪ್ರಶ್ನೆಪತ್ರಿಕೆ ಬೇಡ, ಅಂಕ ಬೇಡ. ವರ್ಷದ ಕೊನೆಗೆ ಯಾವ ಪುಸ್ತಕದ ಹೊದಿಕೆ ಹೆಚ್ಚು ಸವೆದಿದೆಯೆಂದು ನೋಡಿ ಮುಂದಿನ ವರ್ಷದ ಪಟ್ಟಿಯನ್ನು ಸಿದ್ಧಪಡಿಸೋಣ. ಮಕ್ಕಳು ಮಾಡಿದ ಆ ವಿಮರ್ಶೆಯನ್ನು ನಮ್ಮ ವಿಮರ್ಶೆಗಿಂತ ಹೆಚ್ಚಾಗಿ ನಂಬಬಹುದು.