ಮೊಮ್ಮಕ್ಕಳೊಡನೆ ಮಳೆನೆರಳಿನ ಸೀಮೆಯಲ್ಲಿ

ಪಶ್ಚಿಮಘಟ್ಟಗಳ ಮಳೆನೆರಳಿಗೆ ಒಳಗಾದ ಗುಂಡ್ಲುಪೇಟೆ, ಚಾಮರಾಜನಗರಗಳ ಸೀಮೆಯು ಮರುಭೂಮಿಯಲ್ಲವಾದರೂ, ಬೇಸಗೆಯಲ್ಲಿ ಎಲೆಯುದುರಿಸಿ ನಿಲ್ಲುವ ಅದರ ಕಾಡುಗಳು, ಅಲ್ಪಜಲದಲ್ಲಿ ಬಹುಜೀವಗಳು ಬಾಳುವ ಬಗೆಯನ್ನು ಎಳೆಯರಿಗೆ ಬೋಧಿಸುವುದರಲ್ಲಿ ಯಾವ ಪಾಠಶಾಲೆಗೂ ಕಡಮೆಯಾದವಲ್ಲ. ಮೊಮ್ಮಕ್ಕಳನ್ನು ಕರೆದುಕೊಂಡು ಈ ಸೀಮೆಯನ್ನು ಸುತ್ತುವ ಅಜ್ಜ ಅಜ್ಜಿಯರ ಕಲೆಯನ್ನು ನಾನು ಬಹುವಾಗಿ ಮೆಚ್ಚುತ್ತೇನೆ. ಏಕೆಂದರೆ ಇತಿಹಾಸವನ್ನೂ ಅರಣ್ಯವನ್ನೂ ಬೇರ್ಪಡಿಸದೆ ತೋರಿಸುವ ಸಾವಧಾನವು ಅವರಲ್ಲಿ ಸಹಜವಾಗಿಯೇ ಉಂಟು.

ಮುಮ್ಮಡಿ ಕೃಷ್ಣರಾಜ ಒಡೆಯರು, ತಮ್ಮ ತಂದೆಯವರು ಜನಿಸಿದ ಅರಿಕುಠಾರಕ್ಕೆ ಚಾಮರಾಜನಗರವೆಂದು ಅವರ ಹೆಸರನ್ನೇ ಇತ್ತು, 1826ರಲ್ಲಿ ಚಾಮರಾಜೇಶ್ವರನ ದೇಗುಲವನ್ನು ಕಟ್ಟಿಸಿದ ವೃತ್ತಾಂತವನ್ನು ಈ ಅಜ್ಜ ಅಜ್ಜಿಯರು ಗುಡಿಯ ಅಂಗಳದಲ್ಲಿಯೇ ಹೇಳಿ, ಬಳಿಕ ತಪ್ಪಲಿನಲ್ಲಿ ಸಾರಿಗೆ ಸಂಸ್ಥೆಯ ಬಸ್ಸನ್ನೇರಿಸಿ, 1454 ಮೀಟರ್ ಎತ್ತರದ ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಮಕ್ಕಳನ್ನು ಕರೆದೊಯ್ಯುವರು. ಆ ಬೆಟ್ಟದ ದೇವರ ಹೆಸರಿನಲ್ಲಿಯೇ 1941ರಲ್ಲಿ ಮೈಸೂರು ಅರಸರು ವೇಣುಗೋಪಾಲ ವನ್ಯಧಾಮವನ್ನು ಸ್ಥಾಪಿಸಿದರು. ಆ ವನ್ಯಧಾಮದೊಳಗಿದ್ದ, ಒಂದು ಕಾಲಕ್ಕೆ ಅರಸರ ಬೇಟೆಗೆ ಮೀಸಲಾಗಿದ್ದ ಬಂಡೀಪುರವು 1973ರಲ್ಲಿ ಹುಲಿ ಯೋಜನೆಗೆ ಸೇರಿತು. ಕೊಲ್ಲುವ ಕೈಯೇ ಕಾಯುವ ಕೈಯಾದ ಈ ಪರಿವರ್ತನೆಗಿಂತ ಮಿಗಿಲಾದ ಚರಿತ್ರೆಯ ಪಾಠ ಮಕ್ಕಳಿಗೆ ಬೇರೇನಿದೆ?

ಕೆಮ್ಮಣ್ಣಿನಲ್ಲಿ ಮೂಡಿದ ಗೊರಸಿನ ಗುರುತು, ಆನೆಯ ಲದ್ದಿಯಲ್ಲಿ ಉಳಿದ ಬಿದಿರಿನ ನಾರು, ಮುಸುವ ಮರದಿಂದ ಕೂಗಿದೊಡನೆ ಕಿವಿ ನಿಮಿರಿಸುವ ಚುಕ್ಕೆಜಿಂಕೆ ಇವುಗಳನ್ನು ಅಕ್ಷರಗಳಂತೆ ಓದಲು ಕಲಿತ ಮಕ್ಕಳು, ಹುಲಿಯೊಂದನ್ನೇ ಅರಸಿ ಬಂದು ನಿರಾಶರಾಗಿ ಮರಳುವ ಪ್ರವಾಸಿಗರಿಗಿಂತ ಹೆಚ್ಚಿನದನ್ನು ಕಂಡವರೆಂಬುದು ನನ್ನ ಮತ.